ಡಾಕ್ಟರ ಹೆಸರಿನಲ್ಲಿದ್ದ ಆಸ್ಪತ್ರೆ

ಗುರುಪಾದ ಡಾಕ್ಟರ ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಬೀಗದಕೈ ಗೊಂಚಲಿರುತ್ತಿತ್ತು. ಅವರು ಹೆರಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅದು ಝಲ್ಲೆನ್ನುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ಒಳಗೆ ನೋವು ತಿನ್ನುತ್ತಿದ್ದ ಹೆಂಗಸರು ಕೂಡ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಔಷಧದ ಕಪಾಟು, ಹಣದ ಪೆಟ್ಟಿಗೆ, ಹೊದಿಕೆಗಳ ಕೋಣೆ, ನೀರಿನ ಪಂಪಿನ ಮನೆ, ಎಲ್ಲದರ ಕೈಗಳೂ ಆ ಗೊಂಚಲಿನಲ್ಲೇ. ಯಾವ ಕೈ ಯಾವ ಬೀಗದ್ದೆಂದು ಅವರೊಬ್ಬರಿಗೇ ಗೊತ್ತಿತ್ತು. ಊರಿನವರಿಗೆ ಅದೊಂದು ದೊಡ್ಡ ಭರವಸೆ. ನನಗೆ ಮಾತ್ರ ಅದನ್ನು ಕಂಡಾಗಲೆಲ್ಲ ಒಳಗೊಳಗೇ ಕಸಿವಿಸಿಯಾಗುತ್ತಿತ್ತು.

ಆಸ್ಪತ್ರೆಯನ್ನು ಕಟ್ಟಿದ್ದು ಊರು. ದಲಾಲರು, ನೇಕಾರರು, ಸಂತೆಯಲ್ಲಿ ಕಾಯಿಪಲ್ಲೆ ಮಾರುವವರು, ಎಲ್ಲರೂ ವಂತಿಗೆ ಕೊಟ್ಟಿದ್ದರು. ನೇಕಾರರ ಓಣಿಯ ಹೆಂಗಸರು ಒಂದು ವರ್ಷ ಹಬ್ಬಕ್ಕೆ ಹೊಸ ಸೀರೆ ಉಡದೆ ಆ ಹಣವನ್ನು ತಂದು ಡಾಕ್ಟರ ಕೈಗಿಟ್ಟಿದ್ದರಂತೆ. ಡಾಕ್ಟರು ಹೆಂಡತಿಯನ್ನು ಮೊದಲ ಹೆರಿಗೆಯಲ್ಲೇ ಕಳೆದುಕೊಂಡವರು, ಮತ್ತೆ ಮದುವೆಯಾಗಲಿಲ್ಲ. ಯಾರ ಮನೆಯಿಂದ ಯಾವಾಗ ಕರೆ ಬಂದರೂ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು. ಅವರ ವಿಷಯದಲ್ಲಿ ಕೆಟ್ಟ ಮಾತಾಡುವ ಬಾಯಿ ಆ ಊರಿನಲ್ಲಿರಲಿಲ್ಲ.

ನಾನು ಆಗ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ಹೆಂಗಸರ ಆಸ್ಪತ್ರೆಯ ಸಮಿತಿಯಲ್ಲಿ ಒಬ್ಬ ಹೆಂಗಸಾದರೂ ಇರಲಿ ಎಂದು ಯಾರೋ ಹೇಳಿದ್ದರಿಂದ ನನ್ನನ್ನು ಸೇರಿಸಿಕೊಂಡರು. ಸಮಿತಿಯೆಂದರೆ ಡಾಕ್ಟರು, ಎಣ್ಣೆ ಗಿರಣಿಯ ಅಂದಾನೆಪ್ಪನವರು, ಮತ್ತೆ ನಾಲ್ಕಾರು ವ್ಯಾಪಾರಸ್ಥರು. ಡಾಕ್ಟರ ಮನೆಯ ಪಡಸಾಲೆಯಲ್ಲಿ ಸಭೆ. ಚುರುಮುರಿ, ಮಿರ್ಚಿ, ಚಹಾ ಬರುತ್ತಿದ್ದವು. ಊರಿನ ಸುದ್ದಿಯೆಲ್ಲ ಮುಗಿದ ಮೇಲೆ ಡಾಕ್ಟರು, "ನಾಕು ಮಂಚ ತರಸೋಣಂತ ಮಾಡೇನಿ" ಅನ್ನುವರು. "ನೀವು ಹೆಂಗಂತೀರಿ ಹಂಗ" ಎಂದು ಉಳಿದವರು ಏಳುವರು. ಯಾರಿಂದ ತರಿಸುವುದು, ಬೆಲೆ ಎಷ್ಟು ಎಂದು ಕೇಳುವವರಿಲ್ಲ. ಬರೆದಿಡುವವರಂತೂ ಇಲ್ಲವೇ ಇಲ್ಲ.

ನನ್ನ ತಂದೆ ನೋಂದಣಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜಮೀನಿನ ವ್ಯಾಜ್ಯಗಳ ಮಾತು ಕೇಳುತ್ತಲೇ ನಾನು ಬೆಳೆದದ್ದು. ಹಾಗಾಗಿ ಮೊದಲ ಸಭೆಯಲ್ಲೇ ನನ್ನ ಬಾಯಿಗೆ ಬಂದ ಪ್ರಶ್ನೆ ಅದು.

"ಡಾಕ್ಟ್ರ, ಆಸ್ಪತ್ರಿ ಜಾಗಾ ಯಾರ ಹೆಸರಿಲೆ ಐತ್ರಿ?"

"ನನ್ನ ಹೆಸರಿಲೇ ಐತಿ" ಎಂದರು ಡಾಕ್ಟರು, ಏನೂ ಮುಚ್ಚಿಡದೆ. "ಖರೀದಿ ಮಾಡೋ ಮುಂದ ನಮ್ಮ ಆಸ್ಪತ್ರಿ ಸಂಘ ಇನ್ನೂ ನೋಂದಣಿ ಆಗಿರಲಿಲ್ಲ. ಜಾಗಾದ ಮಾಲಕ ಅವಸರ ಮಾಡಿದ. ರೊಕ್ಕ ಊರಿಂದು, ಸಹಿ ನಂದು."

"ಈಗ ಸಂಘ ನೋಂದಣಿ ಆಗೇತಲ್ರಿ. ಸಂಘದ ಹೆಸರಿಗೆ ಮಾಡಿಸಿಬಿಟ್ರ..."

ಅಂದಾನೆಪ್ಪನವರು ಚಹದ ಕಪ್ಪನ್ನು ಸದ್ದಾಗುವಂತೆ ಕೆಳಗಿಟ್ಟರು. "ಅಕ್ಕೋರ, ಏನ್ ಮಾತಾಡಾಕತ್ತೀರಿ? ಡಾಕ್ಟ್ರು ಜಾಗಾ ನುಂಗ್ತಾರಂತೀರೇನು?"

"ಹಂಗಲ್ರಿ. ನುಂಗೂದಿಲ್ಲಂತ ನನಗೂ ಗೊತ್ತೈತಿ. ಆದ್ರ ಡಾಕ್ಟ್ರು ಕಾಯಂ ಇರ್ತಾರೇನ್ರಿ?"

ಅದು ಇನ್ನೂ ಕೆಟ್ಟದಾಯಿತು. ಬದುಕಿರುವ ಮನುಷ್ಯನ ಎದುರು ಸಾವಿನ ಮಾತು! ಒಬ್ಬರು "ಶಿವ ಶಿವಾ" ಎಂದರು. ಮಾತು ಅಲ್ಲಿಗೇ ನಿಂತಿತು. ಡಾಕ್ಟರು ಮಾತ್ರ ನಕ್ಕು, "ಇರಲಿ ಬಿಡ್ರಿ, ಆಕಿ ಲೆಕ್ಕದ ಅಕ್ಕೋರು" ಎಂದು ನನ್ನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿಸಿದರು.

ಮುಂದಿನ ಕೆಲವು ವರ್ಷ ನಾನು ಇದೇ ಮಾತನ್ನು ಎಷ್ಟು ಬಗೆಯಲ್ಲಿ ಹೇಳಿದೆನೋ ನನಗೇ ನೆನಪಿಲ್ಲ. ವಂತಿಗೆ ಕೊಟ್ಟವರಿಗೆ ರಸೀದಿ ಕೊಡೋಣ ಎಂದೆ. ಕೊಟ್ಟವರಿಗೆ ಡಾಕ್ಟರ ಮೇಲೆ ಅಪನಂಬಿಕೆಯೇ ಎಂದರು. ವರ್ಷಕ್ಕೊಮ್ಮೆ ಊರವರನ್ನು ಕರೆದು ಖರ್ಚು ಓದಿ ಹೇಳೋಣ ಎಂದೆ. ಡಾಕ್ಟರನ್ನು ಕಟಕಟೆಯಲ್ಲಿ ನಿಲ್ಲಿಸುತ್ತೀರಾ ಎಂದರು. ಬೀಗದಕೈಗಳ ಇನ್ನೊಂದು ಜೊತೆ ಮಾಡಿಸಿ ನರ್ಸ್ ಎಸ್ತೇರಮ್ಮನ ಹತ್ತಿರ ಇಡೋಣ ಎಂದೆ. ಡಾಕ್ಟರು ಜೇಬು ಮುಟ್ಟಿ ನೋಡಿಕೊಂಡರು, ಅಷ್ಟೆ. ಅವರು ಕಳ್ಳರಾಗಿದ್ದರೆ ನನ್ನ ಕೆಲಸ ಎಷ್ಟು ಸುಲಭವಾಗುತ್ತಿತ್ತು! ಒಳ್ಳೆಯವರ ಸುತ್ತ ಕಟ್ಟಳೆ ಬೇಕು ಎಂದು ಒಳ್ಳೆಯವರಿಗೆ ತಿಳಿಸುವುದು ಹೇಗೆಂದು ನನಗೆ ಹೊಳೆಯಲೇ ಇಲ್ಲ. ಮನೆಗೆ ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದೆ. "ಡಾಕ್ಟರ ಮೇಲೆ ಸಂಶಯಪಡುವ ಹೆಂಗಸು" ಎಂಬ ಹೆಸರು ಮಾತ್ರ ನನಗೆ ಗಟ್ಟಿಯಾಯಿತು. ಶಾಲೆಯಲ್ಲಿ ಒಬ್ಬ ಹುಡುಗಿಯ ತಾಯಿ ನನ್ನ ಜೊತೆ ಮಾತು ಬಿಟ್ಟಳು. ಅವಳ ಮೂರು ಮಕ್ಕಳೂ ಡಾಕ್ಟರ ಕೈಯಲ್ಲೇ ಹುಟ್ಟಿದ್ದವು.

ಕೊನೆಗೊಂದು ದಿನ ಸಮಿತಿಯನ್ನು ಬದಿಗಿಟ್ಟು ನೇರ ಡಾಕ್ಟರ ಹತ್ತಿರವೇ ಹೋದೆ. ಆಗತಾನೇ ಒಂದು ಹೆರಿಗೆ ಮುಗಿಸಿ ಕೈ ತೊಳೆಯುತ್ತಿದ್ದರು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವರಿಗೊಬ್ಬ ತಮ್ಮನಿದ್ದಾನೆ, ಆಸ್ತಿ ಇನ್ನೂ ಪಾಲಾಗಿಲ್ಲ, ಅವರ ಹೆಸರಿನಲ್ಲಿರುವುದನ್ನೆಲ್ಲ ನಾಳೆ ಮನೆಯ ಆಸ್ತಿ ಅಂದುಬಿಡಬಹುದು. ಡಾಕ್ಟರು ಟವೆಲಿನಿಂದ ಬೆರಳು ಬೆರಳನ್ನೂ ಒರೆಸಿಕೊಂಡರು.

"ಇಷ್ಟು ದಿವಸ ಹಿಂಗ ಬಿಡಿಸಿ ಯಾಕ ಹೇಳಲಿಲ್ಲವಾ ತಂಗಿ?" ಎಂದರು. "ನಡಿ, ಬರೋ ಸೋಮವಾರ ಹೋಗಿ ಮಾಡಿಸಿಬಿಡೋಣು."

ಇಷ್ಟು ಸುಲಭವೇ! ಆ ದಿನ ನಾನು ಶಾಲೆಗೆ ಹಾರಿಕೊಂಡು ಹೋದೆ ಅಂದರೂ ಸರಿ.

ಸೋಮವಾರ ಬೆಳಿಗ್ಗೆ ಡಾಕ್ಟರ ಮನೆಗೆ ಹೋದರೆ ಕಟ್ಟೆಯ ಮೇಲೆ ಅಂದಾನೆಪ್ಪನವರು ಕೂತಿದ್ದರು. ಕಣ್ಣುಗಳು ಕೆಂಪಾಗಿದ್ದವು.

"ನೀವು ಹೆಸರು ಬಿಟ್ಟುಕೊಟ್ರ ಊರಾಗ ಏನಂತಾರ್ರಿ ಡಾಕ್ಟ್ರ? ಯಾರೋ ತಕರಾರು ಹಾಕ್ಯಾರ, ಅದಕ್ಕ ಬಿಡಿಸಿದ್ರು ಅಂತಾರ. ನಾ ಜೀವಂತ ಇರೋತನಕ ಅದನ್ನ ನೋಡಂಗಿಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. ಮುಖದಲ್ಲಿ ಸಂಕೋಚವಿತ್ತು. ಅದರ ಅಡಿಯಲ್ಲಿ, ಸುಳ್ಳು ಯಾಕೆ ಹೇಳಲಿ, ಒಂದಿಷ್ಟು ಸಂತೋಷವೂ ಇತ್ತು. ಇಷ್ಟು ಪ್ರೀತಿ ಕಂಡರೆ ಯಾರಿಗೆ ಆಗದು?

"ಹೊಸ ವಾರ್ಡು ಮುಗೀಲಿ ತಂಗಿ. ಉದ್ಘಾಟನಿ ದಿವಸ ಎಲ್ಲಾರ ಮುಂದ ಜಾಹೀರು ಮಾಡಿ ಕೊಟ್ಟುಬಿಡ್ತೀನಿ. ಆವಾಗ ಯಾರೂ ಬ್ಯಾರೆ ತಿಳ್ಕೊಳ್ಳೂದಿಲ್ಲ."

ಹೊಸ ವಾರ್ಡಿನ ಗೋಡೆಗಳು ಆಗ ಕಿಟಕಿಯ ಎತ್ತರಕ್ಕೆ ಬಂದಿದ್ದವು.

ಅವು ಚಾವಣಿ ಮುಟ್ಟಿದ ಬೇಸಿಗೆಯಲ್ಲಿ ಡಾಕ್ಟರು ನೆಂಟರ ಮದುವೆಗೆಂದು ಪಕ್ಕದ ಊರಿಗೆ ಹೋದರು. ಮಧ್ಯಾಹ್ನ ನಾನು ಪಾಠ ಮಾಡುತ್ತಿದ್ದಾಗ ಎಸ್ತೇರಮ್ಮ ಏದುಸಿರು ಬಿಡುತ್ತ ತರಗತಿಯ ಬಾಗಿಲಿಗೆ ಬಂದಳು. ಬಡಿಗರ ಮನೆಯ ಹುಡುಗಿಗೆ ಹೆರಿಗೆಯಾಗಿದೆ, ರಕ್ತ ನಿಲ್ಲುತ್ತಿಲ್ಲ. ಇಂಜೆಕ್ಷನ್ ಕಪಾಟಿನಲ್ಲಿದೆ. ಬೀಗದಕೈ ಡಾಕ್ಟರ ಜೇಬಿನಲ್ಲಿದೆ. ಸಮಿತಿಯವರಲ್ಲಿ ಹತ್ತಿರವಿದ್ದವಳು ನಾನೊಬ್ಬಳೇ.

ಆಸ್ಪತ್ರೆಗೆ ಓಡಿದೆವು. ಹುಡುಗಿಯ ತುಟಿ ಬೆಳ್ಳಗಾಗಿತ್ತು. ಅವಳ ಅತ್ತೆ ಕಪಾಟಿನ ಮುಂದೆ ಕೂತು ಅದನ್ನು ಕೈಯಿಂದ ಬಡಿಯುತ್ತಿದ್ದಳು. ವಾರ್ಡು ಕಟ್ಟುತ್ತಿದ್ದವರು ಬಿಟ್ಟುಹೋದ ಹಾರೆಯೊಂದು ಹೊರಗೆ ಬಿದ್ದಿತ್ತು. ನಾನೇ ಅದನ್ನು ತಂದು ಬಾಗಿಲ ಸಂದಿಗೆ ತೂರಿಸಿ ಮೀಟಿದೆ. ಮೊದಲ ಸಲ ಜಾರಿತು. ಎರಡನೆಯ ಸಲ ಎಸ್ತೇರಮ್ಮನೂ ಕೈ ಹಾಕಿದಳು. ತೇಗದ ಬಾಗಿಲು ಸೀಳಿತು. ಹುಡುಗಿ ಉಳಿದಳು. ನಾನು ಆ ಹಾರೆ ಹಿಡಿದುಕೊಂಡೇ ಗೋಡೆಗೊರಗಿ ಕೂತಿದ್ದೆ. ಡಾಕ್ಟರು ಬರಲಿ, ಈ ಸೀಳಿದ ಬಾಗಿಲು ತೋರಿಸಿ ಎಲ್ಲರ ಮುಂದೆ ಜಗಳ ಮಾಡುತ್ತೇನೆ ಎಂದು ಮಾತುಗಳನ್ನು ಜೋಡಿಸುತ್ತಿದ್ದೆ. ಜೀವಮಾನದಲ್ಲಿ ಅಷ್ಟು ಸಿಟ್ಟು ನನಗೆ ಬಂದಿರಲಿಲ್ಲ.

ಡಾಕ್ಟರು ಬರಲಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತವರು ಹಾಗೇ ಒರಗಿದರಂತೆ. ಸಂಜೆ ಶವದ ಜೊತೆ ಗೊಂಚಲೂ ಬಂತು. ತಲೆಯ ಹತ್ತಿರ ಕನ್ನಡಕದ ಪಕ್ಕ ಅದನ್ನಿಟ್ಟಿದ್ದರು. ಜೋಡಿಸಿಟ್ಟ ಮಾತುಗಳನ್ನೆಲ್ಲ ನುಂಗಿಕೊಂಡು ನಾನೂ ಎಲ್ಲರಂತೆ ಅತ್ತೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಡಾಕ್ಟರ ತಮ್ಮ ಬಸವಂತಪ್ಪ ಆಸ್ಪತ್ರೆಗೆ ಬಂದ. ಜಗಳಗಂಟನಲ್ಲ, ಮೆತ್ತಗೆ ಮಾತಾಡುವ ಮನುಷ್ಯ.

"ಅಣ್ಣಾ ತಮ್ಮಾ ನಾವು ಬ್ಯಾರೆ ಆಗಿರಲಿಲ್ಲ. ಅಣ್ಣನ ಹೆಸರಿಲೆ ಇದ್ದದ್ದು ಅಂದ್ರ ಮನಿ ಆಸ್ತಿ. ಆಸ್ಪತ್ರಿ ನಡಸ್ರಿ, ಬ್ಯಾಡಂದವರ್ಯಾರು? ಬಾಡಗಿ ಕೊಡ್ರಿ, ಅಷ್ಟ."

"ಇದು ಊರ ರೊಕ್ಕದಾಗ ತಗೊಂಡ ಜಾಗಾ! ಊರಿಗೇ ಗೊತ್ತೈತಿ!" ಎಂದು ಅಂದಾನೆಪ್ಪನವರು ಕೂಗಿದರು.

"ಅಣ್ಣ ನನ್ನ ಮುಂದ ಒಮ್ಮೆರ ಹಂಗಂದಿಲ್ಲರಿ" ಎಂದ ಬಸವಂತಪ್ಪ. ಅವನು ಸುಳ್ಳು ಹೇಳುತ್ತಿರಲಿಲ್ಲ. ಡಾಕ್ಟರು ಮನೆಯಲ್ಲಿ ಆಸ್ಪತ್ರೆಯ ಮಾತಾಡಿದವರೇ ಅಲ್ಲ.

ಊರಿಗೆ ಗೊತ್ತಿದ್ದದ್ದನ್ನು ಕೋರ್ಟಿನಲ್ಲಿ ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಅಷ್ಟೂ ಕಾಲ ಆಸ್ಪತ್ರೆಗೆ ಬೀಗ. ಊರಿನ ಹೆಂಗಸರು ಮೊದಲಿನಂತೆ ಎತ್ತಿನ ಗಾಡಿಯಲ್ಲಿ ಪಕ್ಕದ ಊರಿಗೆ ಹೋಗುತ್ತಿದ್ದರು. ದಾರಿಯಲ್ಲೇ ಹೆತ್ತವರಿದ್ದರು, ತಲುಪದವರೂ ಇದ್ದರು. ಕೊನೆಗೆ ರಾಜಿಯಾಯಿತು. ಜಾಗ, ಕಟ್ಟಡ ಬಸವಂತಪ್ಪನಿಗೆ, ಮಂಚ ಮತ್ತು ಸಾಮಾನು ನಮಗೆ. ಹೊಸ ವಾರ್ಡು ಅರಳೆಯ ಗೋದಾಮಾಯಿತು.

ಮಂಚಗಳನ್ನು ಗಾಡಿಗೆ ಹೇರಿಸುತ್ತಿದ್ದ ದಿನ ಅಂದಾನೆಪ್ಪನವರು ನನ್ನ ಹತ್ತಿರ ಬಂದು ನಿಂತರು. "ಅವತ್ತ ನೀವು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗಿತ್ರಿ ಅಕ್ಕೋರ" ಎಂದರು.

ಕೈಯಲ್ಲಿದ್ದ ಹೊದಿಕೆಯ ಗಂಟನ್ನು ನೆಲಕ್ಕೆ ಅಪ್ಪಳಿಸಿದೆ. "ಇನ್ನ ಎಷ್ಟು ಗಟ್ಟಿಯಾಗಿ ಹೇಳಬೇಕಾಗಿತ್ರಿ? ಹೇಳ್ರಿ, ಇನ್ನ ಎಷ್ಟು ಗಟ್ಟಿಯಾಗಿ?" ಗಾಡಿಯವನು ಎತ್ತುಗಳನ್ನು ಹಿಡಿದು ನಿಂತ. ಅಂದಾನೆಪ್ಪನವರು ಬಗ್ಗಿ ಗಂಟನ್ನೆತ್ತಿ, ಧೂಳು ಕೊಡವಿ, ಗಾಡಿಯ ಮೇಲಿಟ್ಟರು.

ಆ ತಿಂಗಳೇ ಅವರು ನಮ್ಮ ಮನೆಗೆ ಬಂದರು. ತಮ್ಮ ಗಿರಣಿಯ ಹಿಂದಿದ್ದ ಕಾಳಿನ ಉಗ್ರಾಣವನ್ನು ಸಂಘದ ಹೆಸರಿಗೆ ನೋಂದಣಿ ಮಾಡಿಸಿ ಕೊಡುತ್ತೇನೆ ಎಂದರು. "ಈ ಸಲ ಎಲ್ಲಾ ನೀವು ಹೇಳಿದಂಗ." ಕೊಟ್ಟೂ ಕೊಟ್ಟರು. ಮಕ್ಕಳಿಂದಲೂ ಸಹಿ ಹಾಕಿಸಿದರು.

ಹೊಸ ಆಸ್ಪತ್ರೆಯ ಸಮಿತಿಯನ್ನು ವಂತಿಗೆದಾರರೇ ಆರಿಸಿದರು. ಪ್ರತಿ ತಿಂಗಳ ಜಮಾ ಖರ್ಚನ್ನು ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಬರೆಯುವುದಾಯಿತು. ನೆಂಟರಿಂದ ಏನಾದರೂ ಕೊಳ್ಳುವುದಿದ್ದರೆ ಆ ಸದಸ್ಯ ಹೊರಗೆ ಹೋಗಿ ನಿಲ್ಲಬೇಕು. ಸಮಿತಿಯ ಅರ್ಧಕ್ಕಿಂತ ಹೆಚ್ಚು ಮಂದಿ ಕೂಡದೆ ಯಾವ ನಿರ್ಣಯವೂ ಇಲ್ಲ. ಎಲ್ಲವೂ ನಾನು ಬಯಸಿದ್ದೇ. ಆದರೆ ಅದರ ಕಿರಿಕಿರಿ ಎಷ್ಟಿರುತ್ತದೆಂದು ನಾನು ಎಣಿಸಿರಲಿಲ್ಲ. ಹಲಗೆ ಓದಿದವರೆಲ್ಲ ಬಂದು ಪ್ರಶ್ನೆ ಕೇಳುವವರೇ. ಹಾಲಿಗೆ ಇಷ್ಟು ಯಾಕೆ, ಸಾಬೂನಿಗೆ ಅಷ್ಟು ಯಾಕೆ. ಡಾಕ್ಟರಿದ್ದಾಗ ಒಂದು ಮಾತಿನಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ವಾರಗಳು ಬೇಕು. "ಇದೇನು ಆಸ್ಪತ್ರಿನೋ ಕಚೇರಿನೋ" ಎಂದು ಜನ ನನಗೆ ಕೇಳುವಂತೆಯೇ ಅನ್ನುತ್ತಿದ್ದರು. ಹಾಗನ್ನುತ್ತಲೇ ವಂತಿಗೆ ಮಾತ್ರ ಮೊದಲಿಗಿಂತ ಹೆಚ್ಚು ಕೊಡುತ್ತಿದ್ದರು. ಡಾಕ್ಟರ ಕಾಲದಲ್ಲಿ, "ಸಾಲ ಯಾರಿಗೆ ಕೊಡ್ಲಿ, ಮನುಷ್ಯಾಗೋ ಆಸ್ಪತ್ರಿಗೋ?" ಎಂದು ಕೇಳಿ ಕಳಿಸಿದ್ದ ಬ್ಯಾಂಕಿನವರು ಈಗ ಆಪರೇಷನ್ ಕೋಣೆ ಕಟ್ಟಲು ಸಾಲ ಕೊಡಲು ಒಪ್ಪಿದರು.

ಆ ಸಾಲದ ನಿರ್ಣಯವನ್ನು ಮರುದಿನ ಬೆಳಿಗ್ಗೆಯೊಳಗೆ ಬ್ಯಾಂಕಿಗೆ ಕೊಡಬೇಕಿತ್ತು. ಸಂಜೆ ಸಭೆ ಕರೆದಿದ್ದೆ. ಇಬ್ಬರು ಊರಲ್ಲಿರಲಿಲ್ಲ, ಒಬ್ಬರಿಗೆ ಜ್ವರ. ಇನ್ನೊಬ್ಬ ಸದಸ್ಯೆ, ಬಳೆ ಮಾರುವ ಹುಸೇನಬಿ ಬಂದರೆ ಸಂಖ್ಯೆ ತುಂಬುತ್ತಿತ್ತು. ಅವಳ ಪತ್ತೆಯಿಲ್ಲ. ಕಾದು ಕಾದು ನನ್ನ ತಾಳ್ಮೆ ತೀರಿತು.

"ಪಾಸ್ ಮಾಡಿಬಿಡೋಣ್ರಿ. ಆಕಿ ಸಹಿ ನಾಳೆ ನಸಕಿನ್ಯಾಗ ಮನಿಗೆ ಹೋಗಿ ತಗೊಂಡ್ರಾತು."

"ಆಗಂಗಿಲ್ಲ" ಎಂದರು ಅಂದಾನೆಪ್ಪನವರು.

"ಅಂದಾನೆಪ್ಪಾರ, ಆಕಿ ಒಲ್ಲೆ ಅನ್ನಾಕೇನಲ್ಲ. ಎಲ್ಲಾರಿಗೂ ಗೊತ್ತೈತಿ."

"ಎಲ್ಲಾರಿಗೂ ಗೊತ್ತೈತಿ ಅಂತ ಅನಕೋತನ ಒಂದು ಆಸ್ಪತ್ರಿ ಕಳಕೊಂಡ್ವಿ ಅಕ್ಕೋರ. ಕುಂಡ್ರರಿ."

ಕೂತೆ. ಸಿಟ್ಟಿನಿಂದ ಅವರ ಮುಖವನ್ನು ನೋಡದೆ ಕಿಟಕಿಯಾಚೆ ನೋಡುತ್ತಿದ್ದೆ. ಬೀದಿಯಲ್ಲಿ ಅಂಗಡಿಗಳ ಬಾಗಿಲು ಹಾಕತೊಡಗಿದ್ದರು. ಸಾಲ ತಪ್ಪಿದರೆ ಇನ್ನೊಂದು ವರ್ಷ ಆಪರೇಷನ್ ಕೋಣೆಯಿಲ್ಲ. ಹಾಗಾದರೆ ಇವರೇ ಜವಾಬ್ದಾರರು ಎಂದುಕೊಂಡೆ. ಮರುಗಳಿಗೆಯೇ, ಆ ನಿಯಮ ಬರೆದವಳು ನಾನೇ ಎಂಬುದು ನೆನಪಾಗಿ ಸಿಟ್ಟು ಇನ್ನೂ ಹೆಚ್ಚಾಯಿತು.

ಹುಸೇನಬಿ ಬಂದಳು. ಬಳೆಯ ಬುಟ್ಟಿಯನ್ನು ಬಾಗಿಲಲ್ಲಿಳಿಸಿ, ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. "ನಿಶ್ಚಿತಾರ್ಥದ ಮನ್ಯಾಗ ಸಿಕ್ಕೊಂಡ್ಬಿಟ್ಟೆರಿ. ಬಿಡಲೇ ಒಲ್ಲರು." ಕುರ್ಚಿ ಎಳೆದುಕೊಂಡು ಕೂತಳು. ನಾನು ಮೊದಲೇ ಬರೆದಿಟ್ಟಿದ್ದ ನಿರ್ಣಯವನ್ನು ಅವಳ ಮುಂದೆ ಸರಿಸಿ, ಹೆಬ್ಬೆಟ್ಟಿಗೆ ಮಸಿಯ ಪೆಟ್ಟಿಗೆಯನ್ನೂ ತೆರೆದೆ.

"ತಡೀರಿ ಅಕ್ಕೋರ" ಎಂದಳು. "ಮೊದಲ ಓದ್ರಿ. ಕೇಳಿ ಆಮ್ಯಾಲ ಒತ್ತತೀನಿ."

ಓದಿದೆ. ಅವಸರದಲ್ಲಿ ಓದಿದೆ. ಬಡ್ಡಿಯ ಸಾಲಿಗೆ ಬಂದಾಗ ಅವಳು ಕೈ ಎತ್ತಿದಳು.

"ಅದನ್ನ ಇನ್ನೊಮ್ಮೆ ಓದ್ರಿ. ಕಟ್ಟಾಕ ತಪ್ಪಿದ್ರ ಏನ್ ಮಾಡ್ತಾರಂತ?"

ಒಳಗಿನ ಕೋಣೆಯಲ್ಲಿ ಒಂದು ಮಗು ಅಳಲು ಶುರುಮಾಡಿತು. ಅದು ಸುಮ್ಮನಾಗುವವರೆಗೆ ಎಲ್ಲರೂ ಕಾದೆವು. ಕತ್ತಲಾಗುತ್ತಿತ್ತು, ಅಕ್ಷರಗಳು ಕಾಣುತ್ತಿರಲಿಲ್ಲ. ಅಂದಾನೆಪ್ಪನವರು ಎದ್ದು, ದೀಪ ಹಚ್ಚಿ, ನನ್ನ ಕಾಗದದ ಹತ್ತಿರಕ್ಕೆ ಸರಿಸಿದರು. ನಾನು ಆ ಸಾಲನ್ನು ಮತ್ತೆ ಮೊದಲಿನಿಂದ, ನಿಧಾನವಾಗಿ ಓದತೊಡಗಿದೆ.