ಇಪ್ಪತ್ತನೇ ನಂಬರಿನ ಕೋವಿ

"ಇದು ತುಂಬಾ ಭಾರ ಆಯ್ತು," ಎಂದು ಟೈಲರಮ್ಮ ಕೋವಿಯನ್ನು ಗಾಜಿನ ಮೇಜಿನ ಮೇಲೆ ಇಳಿಸಿ ತೋಳು ತಿಕ್ಕಿಕೊಂಡಳು. ಭಾರ ಒಂದು ನೆಪ ಅಷ್ಟೇ. ಆ ತಣ್ಣನೆ ಕಬ್ಬಿಣ ಮುಟ್ಟಲೇ ಅವಳಿಗೆ ಭಯ.

"ಅದು ಹನ್ನೆರಡನೇ ನಂಬರು. ಈ ಇಪ್ಪತ್ತನೇದು ನೋಡಿ," ಎಂದರು ಅಂಗಡಿಯವರು.

"ಹನ್ನೆರಡೇ ಇಷ್ಟು ಭಾರ. ಇಪ್ಪತ್ತು ಎತ್ತೋಕೆ ನಮ್ಮ ಯಜಮಾನ್ರನ್ನೂ ಕರ್ಕೊಂಡು ಬರಬೇಕಾಗುತ್ತೆ!"

"ಇಲ್ಲಿ ಲೆಕ್ಕ ಉಲ್ಟಾ ಅಮ್ಮ. ನಂಬರ್ ಜಾಸ್ತಿ ಆದಷ್ಟೂ ನಳಿಕೆ ಸಣ್ಣ, ಹೆಗಲಿಗೆ ಒದೆಯೋದೂ ಕಡಿಮೆ."

"ಹಾಗನ್ನಿ. ನಮ್ಮ ದಾರದ ಥರ."

ಯಜಮಾನರಿಗೆ ರಾತ್ರಿ ಪಾಳಿ. ಆರು ತಿಂಗಳ ಹಿಂದೆ ಯಾರೋ ಕಿಟಕಿಯ ಸರಳು ಬಗ್ಗಿಸಿ ಒಳನುಗ್ಗಿ ಅವಳ ಹೊಲಿಗೆ ಮಿಷನ್ನನ್ನೇ ಹೊತ್ತೊಯ್ದಿದ್ದರು. ಗಿರಾಕಿಯ ಅರ್ಧ ಹೊಲಿದ ಅಂಗಿಯೂ ಸೂಜಿಗೆ ಸಿಕ್ಕಿಕೊಂಡೇ ಹೋಗಿತ್ತು. ಹೋದದ್ದು ಹಾಳಾಗಲಿ, ಆದರೆ ಮಿಷನ್ ಇದ್ದದ್ದು ಅತ್ತೆಯ ಮಂಚದ ಪಕ್ಕದಲ್ಲಿ. ಅತ್ತೆಗೆ ಎಚ್ಚರವಾಗಿದ್ದರೆ ಕಳ್ಳ ಏನು ಮಾಡುತ್ತಿದ್ದನೋ ಎಂದು ನೆನೆದಾಗಲೆಲ್ಲ ಟೈಲರಮ್ಮ ಎದ್ದು ಹೋಗಿ ಕಿಟಕಿ ಭದ್ರವಾಗಿದೆಯೇ ಎಂದು ನೋಡುತ್ತಿದ್ದಳು. ಅಂದಿನಿಂದ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಓಡಾಡಿ ಪರವಾನಗಿ ಮಾಡಿಸಿಕೊಂಡದ್ದೂ ಅವಳೇ.

ಇವತ್ತೂ ಅತ್ತೆಯನ್ನು ಮನೆಯಲ್ಲಿ ಒಬ್ಬರನ್ನೇ ಬಿಡಲು ಧೈರ್ಯ ಸಾಲದೆ ಜೊತೆಗೆ ಕರೆತಂದು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದಳು. ರಸ್ತೆಯ ಗದ್ದಲ ತಲೆ ತಿನ್ನುತ್ತದೆ ಎಂದು ಗೊಣಗುತ್ತಾ ಅತ್ತೆ ಕೂತ ತಕ್ಷಣ ಕಿವಿಯ ಮಿಷನ್ ಕಿತ್ತು ಚೀಲಕ್ಕೆ ಹಾಕಿಕೊಂಡರು. ಮನೆಯಲ್ಲೂ ಹಾಗೆಯೇ. ರಾತ್ರಿಯಾದರೆ ಅದು ದಿಂಬಿನ ಕೆಳಗೆ ಸೇರುತ್ತಿತ್ತು.

ಅಂಗಡಿಯವರು ಇಪ್ಪತ್ತನೇ ನಂಬರಿನ ಕೋವಿಗೆ ಮದ್ದಿಲ್ಲದ ನಕಲಿ ತೋಟಾ ತುರುಕಿ ಕೊಟ್ಟರು. "ಗೋಡೆ ಕಡೆ ಹಿಡೀರಿ. ರಾತ್ರಿ ಸದ್ದಾದ್ರೆ ಮೊದಲು ಯಾರದು ಅಂತ ಜೋರಾಗಿ ಕೇಳ್ಬೇಕು. ಮನೆಯವರಾದ್ರೆ ನಾನು ಅಂತಾರೆ."

"ಕಳ್ಳನೂ ನಾನು ಅಂದ್ರೆ?"

ಅಂಗಡಿಯವರು ನಕ್ಕರು. "ಅವನೆಲ್ಲಿ ಬಾಯಿ ಬಿಡ್ತಾನೆ? ಉತ್ತರ ಬರ್ಲಿಲ್ಲ ಅಂದ್ರೆ ಅವನೇ ಅಂತ ತಿಳ್ಕೊಳ್ಳಿ."

ಅವರು ತೋಟಾದ ಡಬ್ಬಿ ತರಲು ಒಳಗೆ ಹೋದರು. ಟೈಲರಮ್ಮ ಕೋವಿಯನ್ನು ಹೆಗಲಿಗೆ ಆನಿಸಿದಳು. ಅಳತೆ ಕೊಟ್ಟು ಹೊಲಿಸಿದ ತೋಳಿನ ಹಾಗೆ ಕೂತಿತು. ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವಳಿಗೆ ಉಸಿರು ಹಗುರಾಯಿತು.

ಆಗಲೇ ಬಾಗಿಲ ಹಿಡಿ ಕಿರ್ರೆಂದಿತು. ಮಸುಕು ಗಾಜಿನಾಚೆ ಒಂದು ನೆರಳು. ಗೋಡೆ ಕಡೆಗಿದ್ದ ನಳಿಕೆ ತಾನಾಗಿಯೇ ಅತ್ತ ಹೊರಳಿತು.

"ಯಾರದು?" ಗಂಟಲು ಹರಿಯುವಂತೆ ಕೂಗಿದಳು.

ಉತ್ತರ ಬರಲಿಲ್ಲ. ಬಾಗಿಲು ತೆರೆಯಿತು. ಅವಳ ಬೆರಳು ಒತ್ತಿತು, ಕೋವಿ ಟಿಕ್ ಎಂದಿತು.

"ಆಯ್ತೇನೇ? ಬಿಸಿಲು ಬಂತು ಬೆಂಚಿಗೆ," ಎನ್ನುತ್ತಾ ಅತ್ತೆ ಒಳಗೆ ಬಂದರು. ಎದುರಿಗೆ ಚಾಚಿದ್ದ ನಳಿಕೆಯನ್ನು ಪೊರಕೆ ಕಡ್ಡಿ ಸರಿಸುವಂತೆ ಪಕ್ಕಕ್ಕೆ ಸರಿಸಿ, ಕುರ್ಚಿ ಹುಡುಕಿ ಕೂತರು.

ಡಬ್ಬಿ ಹಿಡಿದು ಬಂದ ಅಂಗಡಿಯವರು, "ಇದನ್ನೇ ಕೊಡ್ಲಾ ಅಮ್ಮ?" ಎಂದರು.

ಟೈಲರಮ್ಮ ಕೋವಿಯನ್ನು ಮೇಜಿನ ಮೇಲಿಟ್ಟು, ಅತ್ತೆಯ ಮುಂದೆ ಮಂಡಿಯೂರಿ ಕೂತು ಅವರ ಚೀಲ ತಡಕಿದಳು. ಕಿವಿಯ ಮಿಷನ್ ಸಿಕ್ಕಿತು. ದಿನವಿಡೀ ಸೂಜಿಗೆ ದಾರ ಪೋಣಿಸುವ ಆ ಬೆರಳುಗಳಿಗೆ ಅದನ್ನು ಕಿವಿಗೆ ಕೂರಿಸಲು ಆಗುತ್ತಲೇ ಇರಲಿಲ್ಲ. ಕೊನೆಗೆ ಅತ್ತೆಯೇ ಅವಳ ಕೈ ಹಿಡಿದು ಒತ್ತಿಕೊಂಡರು.

"ಯಾರದು ಅಂತ ಕೇಳ್ದೆ ಅತ್ತೆ," ಎಂದಳು.

"ಇನ್ಯಾರೇ?" ಎಂದರು ಅತ್ತೆ. "ನಾನೇ."