ನಿಲ್ಲಿಸಿದ್ದು ಡೋಲನ್ನು, ಕಾಲನ್ನಲ್ಲ

ಒದಾರ್ಲೆಯ ಹೊಸ ಬೂಟು ಮಂಚದ ಕೆಳಗಿದೆ. ಬಿಳಿ ಬೂಟು, ನೀಲಿ ದಾರ. ತಂದು ಮೂರು ತಿಂಗಳಾಯಿತು, ಹೊಸ್ತಿಲು ದಾಟಿದ್ದು ಒಂಬತ್ತೇ ಸಲ. ಈಗ ಅದರೊಳಗೆ ಹಲ್ಲಿಯೊಂದು ಸಂಸಾರ ಹೂಡಿದೆ. ಯಾರ ಮನೆಯಲ್ಲಿಲ್ಲ ಹೇಳಿ, ಇಂಥದ್ದೊಂದು ಬೂಟು?

ಅಕ್ರಾ ಪಟ್ಟಣದ ಅಂಚಿಗೆ, ಸಮುದ್ರಕ್ಕೆ ಮುಖ ಮಾಡಿ ಕೂತ ತೇಶಿ ಎಂಬ ಊರು ಒದಾರ್ಲೆಯದು. ವಯಸ್ಸು ಐವತ್ತೆರಡು. ಹುಳಿ ಬಂದ ಮುಸುಕಿನ ಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಸುತ್ತಿ, ದೊಡ್ಡ ಹಂಡೆಯಲ್ಲಿ ಬೇಯಿಸಿ, ಮನೆ ಮುಂದೆಯೇ ಕೆಂಕೆ ಮಾರುತ್ತಾಳೆ. ತೋಳು ಗಟ್ಟಿ, ಬಾಯಿ ಇನ್ನೂ ಗಟ್ಟಿ. ಕೂತ ಮಣೆ ಬಿಟ್ಟು ಏಳುವುದು ಮಾತ್ರ ಕಡಿಮೆ.

ಅವಳ ರಕ್ತದೊತ್ತಡ ನೂರ ಅರವತ್ತೆಂಟಕ್ಕೆ ನೂರ ಎರಡು. ಊರಿನ ದಾದಿ ಲಮಿಲೆ ಮೂರು ಸಲ ಅಳೆದು ಮೂರು ಸಲವೂ ಒಂದೇ ಮಾತು ಹೇಳಿದ್ದಳು: "ದಿನಾ ಮಾತ್ರೆ ನುಂಗು. ವಾರಕ್ಕೆ ಐದು ದಿನ, ಅರ್ಧ ಗಂಟೆ ಬಿರುಸಾಗಿ ನಡಿ. ಎರಡೂ ಬೇಕು ಅಕ್ಕ. ಒಂದು ಮಾಡಿ ಒಂದು ಬಿಟ್ರೆ ಆಗಲ್ಲ."

ಮಾತ್ರೆಯನ್ನು ಒದಾರ್ಲೆ ತಪ್ಪದೆ ನುಂಗುತ್ತಿದ್ದಳು. ನಡಿಗೆಯ ಮಾತು ಮಾತ್ರ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು.

ಹೆದರಿಕೆ ಇರಲಿಲ್ಲವೆಂದಲ್ಲ. ಒಳಕೋಣೆಯಲ್ಲಿ ಅವಳ ತಾಯಿ ಇದ್ದಾಳೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ, ಎಡಗಾಲು, ಅರ್ಧ ಬಾಯಿ ಹೋಯಿತು. ದಿನಾ ಬೆಳಿಗ್ಗೆ ಗಂಜಿ ತಿನ್ನಿಸುವವಳು ಒದಾರ್ಲೆ. ಸೋರಿದ ಗಂಜಿಯನ್ನು ಒರೆಸುವಾಗಲೆಲ್ಲ ಒಂದೇ ಯೋಚನೆ ಬರುತ್ತಿತ್ತು: ನಾನೂ ಬಿದ್ದರೆ ಇವಳ ಬಾಯಿಗೆ ಚಮಚ ಇಡುವವರು ಯಾರು? ಆ ಯೋಚನೆ ಬಂದು ಕಣ್ಣು ತುಂಬುತ್ತಿತ್ತು, ಆಮೇಲೆ ಹಂಡೆ ಕುದಿಯುತ್ತಿತ್ತು, ಅಲ್ಲಿಗೆ ಮರೆತುಹೋಗುತ್ತಿತ್ತು.

ಹಾಗಂತ ಅವಳು ಪ್ರಯತ್ನಪಡಲಿಲ್ಲ ಎಂದರೆ ಪಾಪ ಬರುತ್ತದೆ. ಮೊದಲು ಒಬ್ಬಳೇ ಹೋದಳು. ತೇಶಿಯಲ್ಲಿ ಹೆಂಗಸು ತಲೆ ಮೇಲೆ ಹೊರೆಯಿಲ್ಲದೆ, ಬರಿಗೈಯಲ್ಲಿ ಬಿರಬಿರನೆ ನಡೆದರೆ ಅದಕ್ಕೆ ಒಂದೇ ಅರ್ಥ: ಸಾವಿನ ಮನೆಗೆ ಓಡುತ್ತಿದ್ದಾಳೆ. "ಯಾರು ಹೋದ್ರು ಒದಾರ್ಲೆ?" ಎಂದು ಹೊಲಿಗೆಯವನು ಕೇಳಿದ. "ನಡೀತಿದೀನಿ ಕಣಪ್ಪ, ಸುಮ್ನೆ" ಎಂದಳು. "ಸುಮ್ನೆ ಯಾಕೆ ನಡೀತಾರೆ?" ಎಂದು ಅವನು ಸೂಜಿ ಇಟ್ಟು ಹಿಂದೆಯೇ ಬಂದ. ಎರಡನೆಯ ದಿನ ಇಬ್ಬರು ಹೆಂಗಸರು ಅಳುವ ಮುಖ ಮಾಡಿಕೊಂಡು ಬಂದರು. ಇವರಿಂದ ತಪ್ಪಿಸಿಕೊಂಡರೆ ಎಣಿಸಲು ಉಳಿಯುವುದು ಲೈಟು ಕಂಬ. ಒಂದು ಕಂಬ, ಎರಡು ಕಂಬ, ಮೂರು ಕಂಬ. ಹನ್ನೊಂದನೆಯ ಕಂಬಕ್ಕೆ ತಲೆಚಿಟ್ಟು ಹಿಡಿಯಿತು. ಮೂರೇ ದಿನಕ್ಕೆ ಮುಗಿಯಿತು.

ಗಂಡ ಕೊಟೇ, ದೋಣಿ ರಿಪೇರಿ ಮಾಡುವವನು, ಎಲ್ಲದಕ್ಕೂ ಅವನ ಹತ್ತಿರ ಒಂದು ಮೊಳೆ ಇರುತ್ತದೆ. ಕಿವಿಗೆ ಸಿಕ್ಕಿಸುವ ರೇಡಿಯೋ ತಂದುಕೊಟ್ಟ. ಎರಡು ದಿನ ಹಾಡು ಕೇಳುತ್ತಾ ನಡೆದಳು, ಚೆನ್ನಾಗಿಯೇ ಇತ್ತು. ಎರಡನೆಯ ದಿನ ಹಿಂದಿನಿಂದ ಬಂದ ವ್ಯಾನಿನ ಹಾರ್ನ್ ಕೇಳಿಸಲಿಲ್ಲ. ವ್ಯಾನು ಅವಳ ಬಟ್ಟೆ ಸವರಿಕೊಂಡು ಹೋಯಿತು. ಮನೆಗೆ ಬಂದು ರೇಡಿಯೋವನ್ನು ಗಂಡನ ಮಡಿಲಿಗೆ ಎಸೆದಳು.

"ಬಿಪಿಯಿಂದ ಸಾಯೋದು ನಿಧಾನ ಅಂತ ಇದನ್ನ ತಂದ್ಯಾ?"

"ಒಂದೇ ಕಿವಿಗೆ ಹಾಕ್ಕೊಂಡು, ರಸ್ತೆ ಅಂಚಲ್ಲಿ ವ್ಯಾನಿಗೆ ಎದುರಾಗಿ ನಡೆದಿದ್ರೆ ಆಗ್ತಿತ್ತಲ್ವೇನೇ?" ಎಂದ ಕೊಟೇ. ಮಾತು ಸರಿಯೇ. ಆದರೆ ಆ ಹೊತ್ತಿನಲ್ಲಿ ಗಂಡನ ಸರಿಯಾದ ಮಾತು ಯಾರಿಗೆ ಬೇಕು?

ಆಮೇಲೆ ಸಿಕ್ಕಿತು ಶನಿವಾರದ ಸಂಘ. ಹಳದಿ ಅಂಗಿ ತೊಟ್ಟ ಐವತ್ತು ಜನ, ಮುಂದೆ ಸೋವಾ ಎಂಬುವವನ ಡೋಲು, ಒಬ್ಬರು ಹಾಡಿದರೆ ಎಲ್ಲರೂ ದನಿಗೂಡಿಸುತ್ತಾ ಬೀದಿ ತುಂಬ ಓಟ. ಒದಾರ್ಲೆ ನಾಲ್ಕು ಶನಿವಾರ ಹೋದಳು. ನೂರು ಕಂಬ ದಾಟಿದ್ದೂ ಗೊತ್ತಾಗಲಿಲ್ಲ. "ಇದಪ್ಪ ವ್ಯಾಯಾಮ ಅಂದ್ರೆ" ಎಂದು ಊರಿಗೆಲ್ಲ ಸಾರಿದಳು. ವಾರದ ಉಳಿದ ಆರು ದಿನ ಮಣೆ ಬಿಟ್ಟು ಏಳಲಿಲ್ಲ.

ಅಷ್ಟರಲ್ಲಿ ಹೊಮೊವೊ ಹಬ್ಬದ ಕಾಲ ಬಂತು. ಪೂಜಾರಿಗಳು ಜೋಳ ಬಿತ್ತಿದರು. ಬಿತ್ತಿದ ಮೇಲೆ ಮೂವತ್ತು ದಿನ ಊರಿನಲ್ಲಿ ಡೋಲಿಲ್ಲ, ಗಟ್ಟಿ ಹಾಡಿಲ್ಲ, ಗದ್ದಲವಿಲ್ಲ. ನೆಲ ಶಾಂತವಾಗಿದ್ದರೆ ಬೀಜ ಮೊಳೆಯುತ್ತದೆ, ದೇವರುಗಳು ವಿಶ್ರಾಂತಿ ಪಡೆಯುತ್ತಾರೆ. ಸೋವಾ ಡೋಲಿಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ. ಡೋಲಿನ ಜೊತೆಗೆ ಐವತ್ತು ಜನರೂ ಅಟ್ಟ ಹತ್ತಿದರು. ಅದೇ ವಾರ ಹಲ್ಲಿ ಬೂಟಿಗೆ ಬಂತು.

ಎಂಟನೆಯ ದಿನ ಲಮಿಲೆ ಒತ್ತಡ ಅಳೆಯುವ ಪಟ್ಟಿ ಹಿಡಿದು ಮನೆಗೇ ಬಂದಳು. ಅಳೆದಳು. ನೂರ ಅರವತ್ತಾರು. ಪಟ್ಟಿ ಬಿಚ್ಚಿದಳು.

"ನಡೀತಿದೀಯಾ?"

"ಹೇಗೆ ನಡೀಲಿ? ಡೋಲು ನಿಲ್ಲಿಸಿದಾರಲ್ಲ."

"ದೊಡ್ಡವರು ನಿಲ್ಲಿಸಿದ್ದು ಡೋಲನ್ನ, ಕಾಲನ್ನಲ್ಲ."

"ನೀನೊಬ್ಬಳು, ಆಡಿದ್ದೇ ಆಡೋ ಕಿಸಬಾಯಿದಾಸ. ನಡಿ, ನಡಿ, ನಡಿ. ಆ ಅರ್ಧ ಗಂಟೆ ಎಷ್ಟು ಉದ್ದ ಇರುತ್ತೆ ಅಂತ ಗೊತ್ತಾ ನಿಂಗೆ? ಕೆಂಕೆ ಬೇಯೋಕೆ ಮೂರು ಗಂಟೆ ಬೇಕು, ಅದೇ ವಾಸಿ. ಬೇಜಾರು ಕಣೇ. ಜೀವ ಹಿಂಡೋ ಬೇಜಾರು."

ಲಮಿಲೆಗೂ ಸಾಕಾಗಿತ್ತು. ಬೆಳಿಗ್ಗೆಯಿಂದ ಏಳು ಮನೆ ತಿರುಗಿದ್ದಳು. ಏಳು ಮನೆಯಲ್ಲೂ ಏಳು ನೆಪ ಕೇಳಿ ಬಂದಿದ್ದಳು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಗೊಣಗಿ ಅಲ್ಲೇ ಮಣೆ ಎಳೆದುಕೊಂಡು ಕೂತಳು. ಆಮೇಲೆ ಕೇಳಿದಳು, "ಸರಿ, ಬೇಜಾರು ಅಂದ್ಯಲ್ಲ. ಹೊತ್ತು ಹೋಗಿದ್ದೇ ಗೊತ್ತಾಗದ ಹಾಗೆ ನೀನು ಕೂರೋದು ಯಾವಾಗ, ಅದು ಹೇಳು."

ಒದಾರ್ಲೆ ಯೋಚಿಸಲೂ ಇಲ್ಲ. "ಶೋರ್ಮೆ ಬಾಯಿ ತೆಗೆದಾಗ."

ಶೋರ್ಮೆ ಪಕ್ಕದ ಮನೆಯವಳು, ಮೀನು ಹೊಗೆಯಾಡಿಸಿ ಮಾರುವವಳು. ಅವಳ ಮೀನಿಗಿಂತ ಅವಳ ಸುದ್ದಿಗೆ ಗಿರಾಕಿ ಹೆಚ್ಚು. ಲಮಿಲೆ ಬೇಲಿ ಹತ್ತಿರ ಹೋಗಿ ಅವಳನ್ನು ಕರೆದಳು. ಇಬ್ಬರೂ ಏನೋ ಪಿಸುಗುಟ್ಟಿದರು.

ಮರುದಿನ ಬೆಳಗಾಗುತ್ತಲೇ ಶೋರ್ಮೆ ಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ಲಮಿಲೆ. "ನನ್ನ ಚಿಕ್ಕಪ್ಪನ ಮಗಳ ಮನೇಲಿ ಏನಾಯ್ತು ಗೊತ್ತಾ? ಒಂದೇ ಹುಡುಗಿನ ಕೇಳೋಕೆ ಒಂದೇ ದಿನ ಎರಡು ಗಂಡಿನ ಮನೆಯವರು ಬಂದುಬಿಟ್ರು. ಇಬ್ಬರ ಕೈಯಲ್ಲೂ ಹೆಣ್ಣು ಕೇಳೋ ಹೆಂಡದ ಬಾಟ್ಲಿ."

"ಅಯ್ಯೋ ದೇವರೇ. ಆಮೇಲೆ?"

"ಆಮೇಲಿಂದು ಬೂಟು ಹಾಕ್ಕೊಂಡೋರಿಗೆ. ಕಾಲು ನಿಂತ್ರೆ ಕಥೆನೂ ನಿಲ್ಲುತ್ತೆ."

ಒದಾರ್ಲೆ ಬೈದುಕೊಂಡೇ ಹಲ್ಲಿಯನ್ನು ಕೊಡವಿದಳು. ಮೂವರೂ ಹೊರಟರು. ಬೀದಿಯವರು ಮೂವರು ಹೆಂಗಸರು ಮಾತಾಡುತ್ತಾ ಹೋಗುವುದನ್ನು ನೋಡಿ ಯಾರು ಸತ್ತರೆಂದು ಕೇಳಲಿಲ್ಲ. ಮೊದಲ ಐದು ನಿಮಿಷ ನಿಧಾನ, ಆಮೇಲೆ ಬಿರುಸು. ಒದಾರ್ಲೆ ಏದುಸಿರಿನಲ್ಲೇ, "ಯಾರು... ಮೊದಲು ಬಂದಿದ್ದು?" ಎಂದು ಕೇಳಿದಳು.

"ಈಗ ಒಂದು ಹಾಡು ಮೆಲ್ಲಗೆ ಗುನುಗು ನೋಡೋಣ" ಎಂದಳು ಲಮಿಲೆ.

ಒದಾರ್ಲೆ ಬಾಯೊಳಗೇ ಶುರು ಮಾಡಿದಳು. ಒಂದು ಸಾಲು ಮುಗಿಯುವ ಮೊದಲೇ ಉಸಿರು ಕಟ್ಟಿತು.

"ಸರಿಯಾಯ್ತು. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅದೇ ಅಳತೆ. ಮಾತೂ ಆಡೋಕೆ ಆಗ್ದಿದ್ರೆ ಜಾಸ್ತಿ ಆಯ್ತು, ನಿಧಾನ ಮಾಡು. ಪೂರ್ತಿ ಹಾಡು ಆರಾಮಾಗಿ ಹೇಳಿದ್ರೆ ಇನ್ನೂ ಕಾಲು ಎತ್ತು."

ಒದಾರ್ಲೆಗೆ ನಾಲ್ಕು ಶನಿವಾರ ನೆನಪಾಯಿತು. ಪೂರ್ತಿ ಹಾಡಿದ್ದಳು, ಪ್ರತಿ ಮೂಲೆಯಲ್ಲೂ ನಿಂತು ಕುಣಿದಿದ್ದಳು, ಕೊನೆಗೆ ಕರಿದ ಮೀನು ಬೇರೆ. ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡಿಯಲ್ಲ ಅವಳು.

ಅರ್ಧ ಗಂಟೆಗೆ ಸರಿಯಾಗಿ ಮನೆ ಬಂತು. ಕಥೆಯಲ್ಲಿ ಆಗಷ್ಟೇ ಹುಡುಗಿಯ ಸೋದರತ್ತೆ ಎರಡೂ ಬಾಟ್ಲಿ ಈಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

"ಆಮೇಲೆ?"

"ನಾಳೆ."

"ಶೋರ್ಮೆ, ನಿನ್ನ ಮೀನು ಬೆಕ್ಕು ಹೊತ್ಕೊಂಡು ಹೋಗ."

ಗಂಜಿ ತಿನ್ನಿಸುವಾಗ ಒದಾರ್ಲೆ ಆ ಸಿಟ್ಟನ್ನೆಲ್ಲ ತಾಯಿಯ ಮುಂದೆ ಕಾರಿಕೊಂಡಳು. ಕೇಳಿದಷ್ಟೂ ಕಥೆ ಹೇಳಿದಳು. ಮುದುಕಿ ಚಮಚವನ್ನು ಬಲಗೈಯಿಂದ ತಡೆದು ಕೇಳಿದಳು: "ಯಾವ... ಬಾಟ್ಲಿ?"

ಹೀಗೆ ಆರು ದಿನ ನಡೆಯಿತು. ಏಳನೆಯ ದಿನ ಶೋರ್ಮೆ ಮೀನಿನ ಬುಟ್ಟಿ ಹೊತ್ತು ಕುಮಾಸಿ ಸಂತೆಗೆ ಹೋದಳು. ಬರುವುದು ನಾಲ್ಕು ದಿನ ಬಿಟ್ಟು. ಲಮಿಲೆಗೆ ಲಸಿಕೆಯ ಕೆಲಸ. ಅತ್ತೆ ಇನ್ನೂ ಬಾಗಿಲು ತೆಗೆದಿರಲಿಲ್ಲ. ಒದಾರ್ಲೆ ಬೂಟನ್ನು ಒಮ್ಮೆ ನೋಡಿದಳು, ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು. ಒಬ್ಬಳೇ ಹೋಗಿ ಮತ್ತೆ ಆ ಕಂಬ ಎಣಿಸಬೇಕಾ? ಯಾರಿಗೆ ಬೇಕು ಈ ಪೀಡೆ?

ಗಂಜಿ ತಂದಾಗ ತಾಯಿ ಕೇಳಿದಳು, "ಕಥೆ?"

"ಇಲ್ಲ ಅಮ್ಮ. ಶೋರ್ಮೆ ಇಲ್ಲ. ನಾನೂ ಹೋಗ್ಲಿಲ್ಲ. ಬೇಜಾರು."

ಮುದುಕಿ ಬಾಯಿ ತೆರೆಯಲಿಲ್ಲ. ಚಮಚ ಹಾಗೇ ನಿಂತಿತು. ಆಮೇಲೆ ಒಂದೊಂದೇ ಮಾತನ್ನು ಅರ್ಧ ಬಾಯಿಯಿಂದ ಹೊರಗೆ ತಳ್ಳಿದಳು. "ನಂಗೂ... ಹೇಳಿದ್ರು. ನಡಿ... ಅಂತ. ಬೇಜಾರು... ಅಂದೆ. ಕೂತೆ."

ಒದಾರ್ಲೆಗೆ ಇದು ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ತಾಯಿ ಇದನ್ನು ಹೇಳಿರಲಿಲ್ಲ. ಹೇಳಲು ಇಷ್ಟು ಉದ್ದದ ಮಾತು ಅವಳಿಗೆ ಬರುತ್ತಲೂ ಇರಲಿಲ್ಲ. ಒದಾರ್ಲೆಗೆ ತಾಯಿಯ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಇನ್ನೂ ಹೆಚ್ಚು ಬಂತು. ಮುದುಕಿ ಬಲಗೈ ಎತ್ತಿ ಬಾಗಿಲ ಕಡೆ ತೋರಿಸಿದಳು.

"ಹೋಗು. ಕಥೆ... ತಾ."

ತಾಯಿಗೆ ಗಂಜಿ ಕುಡಿಸಿ, ಬೂಟು ಹಾಕಿಕೊಂಡು ಒದಾರ್ಲೆ ಒಬ್ಬಳೇ ಹೊರಟಳು. ಕಂಬ ಎಣಿಸಲಿಲ್ಲ. ಇಲ್ಲದ ಕಥೆಯನ್ನು ಎಲ್ಲಿಂದ ತರುವುದು? ಆ ಅತ್ತೆ ಒಳಗೆ ಏನು ಮಾಡುತ್ತಿರಬಹುದು? ಎರಡು ಬಾಟ್ಲಿ, ಒಂದು ಕೋಣೆ, ಹಾಕಿದ ಬಾಗಿಲು. ಸಮುದ್ರದ ತಿರುವಿಗೆ ಬರುವಷ್ಟರಲ್ಲಿ ಅವಳಿಗೆ ನಗು ಬಂತು. ದಾರಿ ಮುಗಿದಾಗ ಕಥೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಬಾವಿಯವರೆಗೆ ಇನ್ನೊಂದು ಸುತ್ತು ಹೋದಳು.

"ಅಮ್ಮ, ಅತ್ತೆ ಎರಡೂ ಬಾಟ್ಲಿ ತಾನೇ ಕುಡಿದು ಮಲಗಿಬಿಟ್ಲು. ಹೊರಗೆ ಎರಡೂ ಕಡೆಯವರು ನೆಂಟರಾಗಿ ಕೂತು ಹುಡುಗೀನ ಮರೆತು ಊಟ ಕೇಳ್ತಿದಾರೆ."

ಮುದುಕಿ ನಕ್ಕಳು. ಅರ್ಧ ಬಾಯಿಯಲ್ಲಿ, ಸದ್ದು ಮಾಡಿ. ಎರಡು ವರ್ಷದಲ್ಲಿ ಮೊದಲ ಸಲ. ಅಂಗಳದಲ್ಲಿದ್ದ ಕೊಟೇ ಸುತ್ತಿಗೆ ಬಿಟ್ಟು ಒಳಗೆ ಬಂದು ನೋಡಿದ. "ಶ್... ಗದ್ದಲ ಮಾಡಬಾರದು, ಬೀಜ ಮೊಳೀತಾ ಇದೆ" ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ಶೋರ್ಮೆ ವಾಪಸು ಬಂದು ನಿಜವಾದ ಕಥೆ ಮುಗಿಸಿದಳು. ಹುಡುಗಿಯ ಅಪ್ಪ ಮೊದಲು ಬಂದವರ ಬಾಟ್ಲಿ ಒಪ್ಪಿಕೊಂಡನಂತೆ, ಅಷ್ಟೇ. ಒದಾರ್ಲೆ ಅದನ್ನು ತಾಯಿಗೆ ಹೇಳಿದಳು. ಮುದುಕಿ ತಲೆಯಾಡಿಸಿದಳು. "ಅದು ಬೇಡ. ನಿಂದು... ಹೇಳು."

"ನೋಡಮ್ಮ, ನನ್ನ ಹೊಟ್ಟೆಪಾಡಿಗೇ ಕಲ್ಲು ಹಾಕಿದ್ಲು" ಎಂದಳು ಶೋರ್ಮೆ.

ಮೂವತ್ತು ದಿನ ಮುಗಿದು ಡೋಲು ಅಟ್ಟದಿಂದ ಇಳಿಯಿತು. ಲಮಿಲೆ ಅಳೆದಳು. ನೂರ ಐವತ್ತೆರಡಕ್ಕೆ ತೊಂಬತ್ತನಾಲ್ಕು. "ಇನ್ನೂ ಇಳೀಬೇಕು. ಮಾತ್ರೆ ಬಿಡಬೇಡ, ನಡಿಗೆ ಬಿಡಬೇಡ" ಎಂದಳು. ಸೋವಾ ಬಂದು ಕರೆದಾಗ ಒದಾರ್ಲೆ ಹೇಳಿದಳು, "ಶನಿವಾರ ನಿನ್ನ ಡೋಲಿಗೆ ಬರ್ತೀನಪ್ಪ, ಕರಿದ ಮೀನಿಗಲ್ಲ. ಉಳಿದ ದಿನ ನಮ್ಮಮ್ಮಂಗೆ ಕಥೆ ತರೋಕೆ ಹೋಗಬೇಕು."

ಇನ್ನು ನಿಮ್ಮ ಮಾತು. ಹೌದು, ನಿಮ್ಮದೇ, ಅತ್ತಿತ್ತ ನೋಡಬೇಡಿ. ನಡಿಗೆ ಬೇಜಾರು ಎಂದು ನಮಗೂ ಗೊತ್ತು. ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಬೇಜಾರಿಗೆ ಮದ್ದು ಕೂರುವುದಲ್ಲ, ಜೊತೆಗೆ ಏನಾದರೂ ಒಯ್ಯುವುದು: ಹಾಡೋ, ಹರಟೆಯೋ, ಅರ್ಧಕ್ಕೆ ನಿಂತ ಕಥೆಯೋ, ಪಕ್ಕದ ಮನೆಯ ಬಾಯಿಬಡುಕಿಯೋ. ಒಂದು ಕೈಕೊಟ್ಟ ದಿನ ಇನ್ನೊಂದನ್ನು ಹಿಡಿಯಿರಿ. ರಸ್ತೆಯಲ್ಲಿ ಕಿವಿ ತೆರೆದಿರಲಿ. ಕಾಯಿಲೆ ಇರುವವರು ಮೊದಲು ದಾದಿಯನ್ನೋ ವೈದ್ಯರನ್ನೋ ಕೇಳಿ ಶುರುಮಾಡಿ. ಎದೆ ನೋವು, ತಲೆ ಸುತ್ತು ಬಂದರೆ ಅಲ್ಲೇ ನಿಂತು ಆಸ್ಪತ್ರೆಗೆ ಹೋಗಿ, ಶೂರತನ ಬೇಡ. ಈ ಕಾಗದವನ್ನು ಮಡಚಿಡಿ. ಮಂಚದ ಕೆಳಗೆ ಬಗ್ಗಿ ನೋಡಿ. ಹಲ್ಲಿ ಇದ್ದರೆ ಬೇರೆ ಮನೆ ನೋಡಿಕೊಳ್ಳಲು ಹೇಳಿ.