ಕಸದ ಗಾಡಿ ಬರುವ ಹೊತ್ತು

"ಇನ್ಮೇಲೆ ನಮ್ಮನೆ ಕಸ ನೀವು ಒಯ್ಯಬೇಡಿ ಅಜ್ಜಿ" ಎಂದು ಮೂರನೇ ಮಹಡಿಯ ಪೆಯ್-ಚುನ್ ಮೆಟ್ಟಿಲ ಮೇಲೆ ನಿಂತು ಹೇಳಿದಾಗ ನನ್ನ ಮುಖ ಸಣ್ಣದಾಯಿತು. ಹೊಸ ವರ್ಷದಿಂದ ಅವರ ಚೀಲಗಳನ್ನು ನನ್ನದರ ಜೊತೆ ಸದ್ದಿಲ್ಲದೆ ಕೆಳಗಿಳಿಸುತ್ತಿದ್ದೆ. ಯಾರಿಗೂ ತಿಳಿದಿಲ್ಲ ಎಂದುಕೊಂಡಿದ್ದೆ.

ತೈವಾನಿನ ನಮ್ಮ ತೈನಾನ್ ಊರಿನಲ್ಲಿ ಕಸವನ್ನು ಬೀದಿಯಲ್ಲಿಟ್ಟು ಹೋಗುವಂತಿಲ್ಲ, ನೆಲಕ್ಕಿಟ್ಟರೆ ದಂಡ. ಸಂಜೆ ಎಂಟಕ್ಕೆ ಗಾಡಿ ಹಾಡು ಹಾಕಿಕೊಂಡು ಗಲ್ಲಿಯ ಮೂಲೆಗೆ ಬರುತ್ತದೆ. ಅದು ನಿಂತಷ್ಟು ಹೊತ್ತಿನಲ್ಲಿ ಅವರವರ ಚೀಲವನ್ನು ಅವರವರೇ ಅದರ ಬಾಯಿಗೆ ಎಸೆಯಬೇಕು. ಪೆಯ್-ಚುನ್ ವೃದ್ಧಾಶ್ರಮದ ಕೆಲಸ ಮುಗಿಸಿ ಬರುವಷ್ಟರಲ್ಲಿ ಗಾಡಿ ಹೋಗಿರುತ್ತದೆ. ಹಾಗಾಗಿ ಕಸ ಅವಳ ಗಂಡ ಕುವೊ-ರೂಯ್‌ನ ಪಾಲಿಗೆ. ಅವನಿದ್ದ ಮುದ್ರಣಾಲಯ ಮುಚ್ಚಿದ ಮೇಲೆ ಅವನು ಮನೆಯಲ್ಲೇ ಇದ್ದ. ಮನೆಯಲ್ಲಿ ಅನ್ನುವುದಕ್ಕಿಂತ ಫೋನಿನಲ್ಲಿ ಇದ್ದ. ಅದರೊಳಗಿನ ಆಟದಲ್ಲಿ ಅವನಿಗೊಂದು ಕೋಟೆ, ಒಂದು ಪಡೆ. ದಿನಾ ಯುದ್ಧ ಶುರುವಾಗುವುದೂ ಎಂಟಕ್ಕೇ.

"ನೀವು ಒಯ್ದುಬಿಟ್ರೆ ಅವ್ನು ಮಾಡಿದ್ನೋ ಇಲ್ವೋ ನಂಗೆ ಗೊತ್ತೇ ಆಗಲ್ಲ. ಕೆಲ್ಸ ಸಿಕ್ಕಾಗ ಸಿಗ್ಲಿ, ಅಡುಗೇನೂ ಬೇಡ. ಕಸ ಇಳ್ಸು ಅಂದಿದೀನಿ, ಅಷ್ಟೇ. ಗುರುವಾರ ನಂಗೆ ರಜ. ಆವತ್ತು ಬೆಳಿಗ್ಗೆ ಆ ಚೀಲಗಳು ಮೆಟ್ಟಿಲ ಮೇಲೇ ಇದ್ರೆ ನಾನು ಚಿಯಾಯಿಗೆ, ಅಮ್ಮನ ಮನೆಗೆ."

"ಸುಮ್ನೆ ಹೆದರಿಸ್ತಿದೀಯ ಅಲ್ವಾ?"

"ಬಟ್ಟೆ ತುಂಬಿಟ್ಟಿದೀನಿ ಅಜ್ಜಿ."

ಸೋಮವಾರ ಹಾಡು ಕೇಳಿಸಿತು. ನನ್ನದೊಂದು ಚೀಲ ಹಿಡಿದು ಮೂಲೆಯಲ್ಲಿ ನಿಂತೆ. ಕತ್ತೆತ್ತಿ ನೋಡಿದರೆ ಮೂರನೇ ಮಹಡಿಯ ಕಿಟಕಿಯಲ್ಲಿ ನೀಲಿ ಬೆಳಕು ಕುಣಿಯುತ್ತಿತ್ತು.

"ಏನಜ್ಜಿ, ಇವತ್ತು ಒಂದೇ ಚೀಲ? ಮೂರನೇ ಮಹಡಿ ಮಹಾರಾಜ್ರು ಊಟ ಬಿಟ್ರಾ?" ಎಂದಳು ಮೀನುಂಡೆ ಮಾರುವ ಆ-ಚೂ. ಅಂದರೆ ಗಲ್ಲಿಗೆಲ್ಲ ತಿಳಿದಿತ್ತು. ಗಾಡಿಯ ಹುಡುಗಿ ಬಾಗಿಲು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವರ ಚೀಲ ತರಲು ಎರಡನೆಯ ಸಲ ಮನೆಗೆ ಹೋಗಿ ಬರುವ ಈ ಮುದುಕಿಗಾಗಿ ಅವಳು ಇಷ್ಟು ದಿನ ಗಾಡಿಯನ್ನು ತಡೆದು ನಿಲ್ಲಿಸುತ್ತಿದ್ದಳೆಂದು ನನಗೆ ಆಗಲೇ ಹೊಳೆದದ್ದು. ನಾನು ಇಲ್ಲವೆಂದು ತಲೆಯಾಡಿಸಿದೆ. ಗಾಡಿ ಹೊರಟಿತು.

ಮಂಗಳವಾರ ಸಿಗಡಿ ಸಿಪ್ಪೆಯ ನಾತ ನನ್ನ ಬಾಗಿಲವರೆಗೂ ಇಳಿದಿತ್ತು. ಚೀಲ ಮುಟ್ಟಬೇಡಿ ಎಂದಿದ್ದಳು ಪೆಯ್-ಚುನ್, ಬಾಗಿಲು ತಟ್ಟಬೇಡಿ ಎಂದಿರಲಿಲ್ಲ. ಹೆಸರುಕಾಳಿನ ಸಿಹಿ ಗಂಜಿ ಹಿಡಿದು ಮೇಲೆ ಹೋದೆ. ಕುವೊ-ರೂಯ್ ಫೋನನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಟ್ಟಲನ್ನು ಎರಡೂ ಕೈಯಿಂದ ತೆಗೆದುಕೊಂಡ. ಫ್ಯಾನನ್ನು ನನ್ನ ಕಡೆ ತಿರುಗಿಸಿದ. ಒಳ್ಳೆಯ ಹುಡುಗ. ಕೂತ ಮೇಲೆ ಮಾತ್ರ ಅವನ ಹೆಬ್ಬೆರಳು ನಿಲ್ಲಲಿಲ್ಲ, ಒಂದು ಕಾಲು ನೆಲವನ್ನು ಕುಟ್ಟುತ್ತಲೇ ಇತ್ತು.

"ಗಾಡಿ ಬರೋ ಹೊತ್ತಾಯ್ತಪ್ಪ."

"ಗೊತ್ತಜ್ಜಿ, ಒಂದೇ ನಿಮಿಷ. ಬಾಗ್ಲು ಒಡೀತಿದಾರೆ."

"ಯಾರ ಬಾಗ್ಲು?"

"ನಮ್ದು."

ನಾನು ಅವರ ಮನೆಯ ಬಾಗಿಲನ್ನು ತಿರುಗಿ ನೋಡಿದೆ. ಅವನಿಗೆ ನಗು ಬಂತು. ನಗು ನಿಂತ ಮೇಲೆ ಫೋನಿನಿಂದ ಕಣ್ಣೆತ್ತದೆ ಹೇಳಿದ: "ಅಲ್ಲಿ ಮೂವತ್ತು ಜನ ನಾನ್ ಬರ್ಲಿ ಅಂತ ಕಾಯ್ತಿರ್ತಾರೆ. ಇಲ್ಲಿ ನನ್ನ ಯಾರು ಕಾಯ್ತಾರೆ ಅಜ್ಜಿ?"

"ಪೆಯ್-ಚುನ್ ಬಟ್ಟೆ ತುಂಬಿಟ್ಟಿದಾಳೆ. ನೋಡಿದ್ಯಾ?"

ಹೆಬ್ಬೆರಳು ನಿಂತಿತು. "ಸುಮ್ನೆ ಅಂದ್ಳು ಅಂದ್ಕೊಂಡೆ."

ಅಷ್ಟರಲ್ಲಿ ಕೆಳಗೆ ಹಾಡು. ಅವನು ಎದ್ದ. ಫೋನಿನಲ್ಲಿ ಯಾರೋ ಅವನ ಹೆಸರು ಹಿಡಿದು ಕಿರುಚಿದರು. ಕೂತ. ಮತ್ತೆ ಎದ್ದ. ಸಿಕ್ಕ ಒಂದು ಚೀಲ ಎತ್ತಿಕೊಂಡು ಚಪ್ಪಲಿ ಪಟಪಟ ಎನಿಸುತ್ತ ಇಳಿದ. ಬಾಲ್ಕನಿಯಿಂದ ನೋಡಿದೆ: ಗಾಡಿ ಆಗಲೇ ತಿರುವಿನಲ್ಲಿತ್ತು. ಅವನು ಅದರ ಹಿಂದೆ ಓಡಿ ಮರೆಯಾದ, ಬಹಳ ಹೊತ್ತಿನ ಮೇಲೆ ಅದೇ ಚೀಲ ಹಿಡಿದು ತಲೆ ತಗ್ಗಿಸಿಕೊಂಡು ಬಂದ.

ಬುಧವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪುಸ್ತಕ ತೆರೆದೆ, ಮುಚ್ಚಿದೆ. ಒಗೆದ ಬಟ್ಟೆಯನ್ನು ಮಡಿಸಿ ಬಿಚ್ಚಿ ಮತ್ತೆ ಮಡಿಸಿದೆ. ಎಂಟಕ್ಕೆ ಮುಂಚೆ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಬಾಗಿಲು ತೆರೆದರೆ ಕುವೊ-ರೂಯ್. ಒಂದೊಂದು ಕೈಯಲ್ಲಿ ಎರಡೆರಡು ಚೀಲ, ಮೊಣಕೈಯಲ್ಲಿ ಮುಸುರೆಯ ಬಕೆಟ್ಟು. ತಲೆ ಬಾಚಿಕೊಂಡಿದ್ದ. ನೆಟ್ಟಗೆ ಹೋಗಿ ಮೂಲೆಯಲ್ಲಿ ನಿಂತ.

ಬುಧವಾರ ಮತ್ತು ಭಾನುವಾರ ಗಾಡಿ ಬರುವುದಿಲ್ಲ. ಇದು ಇಲ್ಲಿ ಮಕ್ಕಳಿಗೂ ಗೊತ್ತು. ಆದರೆ ಕೋಟೆಯೊಳಗೆ ಇರುವವನಿಗೆ ಎಲ್ಲ ವಾರವೂ ಒಂದೇ. ಹೇಳಬೇಕೆಂದು ಹೊರಟವಳು ಅವನ ಬಾಚಿದ ತಲೆ ನೋಡಿ ತಿರುಗಿದೆ. ಒಳಗೆ ಹೋಗಿ ನನ್ನ ಅರ್ಧ ತುಂಬಿದ ಚೀಲ ತಂದು ಅವನ ಪಕ್ಕದಲ್ಲಿ ನಿಂತೆ.

ಆ-ಚೂ ಕಿಟಕಿಯಿಂದ ನಮ್ಮನ್ನು ನೋಡಿದವಳೇ ತನ್ನ ಚೀಲ ಹಿಡಿದು ಓಡಿಬಂದಳು. "ಹಬ್ಬಕ್ಕೆ ಗಾಡಿ ದಿನ ಬದಲಾಯ್ಸಿದ್ರಾ? ನಂಗ್ಯಾರೂ ಹೇಳ್ಳೇ ಇಲ್ವಲ್ಲ!" ನಾನು ಅವಳ ತೋಳು ಚಿವುಟಿದೆ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. "ಹೂಂ, ಇವತ್ತು ಸ್ವಲ್ಪ ತಡ ಅಂತೆ" ಎಂದು ಗಟ್ಟಿಯಾಗಿ ಹೇಳಿ ಪಕ್ಕಕ್ಕೆ ನಿಂತಳು.

ಅವನ ಜೇಬಿನಲ್ಲಿ ಫೋನು ಗುಯ್ಗುಡುತ್ತಿತ್ತು. ನಿಲ್ಲುವುದು, ಮತ್ತೆ ಗುಯ್ಗುಡುವುದು. ಚೀಲ ಕೆಳಗಿಡುವಂತಿಲ್ಲ, ಕೈ ಖಾಲಿಯಿಲ್ಲ. ಅವನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಕತ್ತಿನಿಂದ ಬೆವರು ಇಳಿಯುತ್ತಿತ್ತು.

"ಅಜ್ಜಿ, ಹಾಡು ಕೇಳಿಸ್ತಿದ್ಯಾ?"

"ಇನ್ನೂ ಇಲ್ಲಪ್ಪ."

ಹಾಡಿಗೆ ಬದಲು ಪೆಯ್-ಚುನ್‌ಳ ಸ್ಕೂಟರು ಬಂತು. ಅವಳು ಹೆಲ್ಮೆಟ್ ತೆಗೆದು ನಮ್ಮ ಮೂವರನ್ನೂ ನೋಡಿದಳು.

"ಏನ್ ಮಾಡ್ತಿದೀರ ಇಲ್ಲಿ?"

"ಕಸ" ಎಂದ ಕುವೊ-ರೂಯ್.

"ಇವತ್ತು ಬುಧವಾರ."

ಅವನು ನನ್ನ ಕಡೆ ತಿರುಗಿದ. ಆ-ಚೂ ಕರೆಂಟ್ ಕಂಬವನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು.

"ಹಾಗಾದ್ರೆ ನಾಳೆ ಬೆಳಿಗ್ಗೆನೂ ಇವು ಮೆಟ್ಟಿಲ ಮೇಲೇ ಇರುತ್ವೆ" ಎಂದ ಅವನು, ಮೆಲ್ಲಗೆ.

"ಇರುತ್ವೆ."

"ಎಂಟಕ್ಕೆ ಮುಂಚೇನೇ ಇಳಿದಿದ್ದೆ ಕಣೆ."

"ಯುದ್ಧ?"

"ನಡೀತಿದೆ."

ಅವಳು ಅವನ ಬಲಗೈಯಲ್ಲಿದ್ದ ಎರಡು ಚೀಲಗಳನ್ನು ತಾನು ತೆಗೆದುಕೊಂಡಳು. ಖಾಲಿಯಾದ ಆ ಕೈ ನೇರವಾಗಿ ಜೇಬಿಗೆ ಹೋಯಿತು. ಅವಳು ಮುಖ ತಿರುಗಿಸಿದಳು.

"ನಾನ್ ಬರಲ್ಲ" ಎಂದ ಅವನು ಫೋನಿಗೆ. "ಕಸ ಹಿಡ್ಕೊಂಡು ನಿಂತಿದೀನಿ... ಹೌದು, ಕಸ. ನಿಜವಾದ ಕಸ ಮಾರಾಯ! ಕೋಟೆ ಹೋದ್ರೆ ಹೋಗ್ಲಿ. ಇನ್ಮೇಲೆ ಆ-ಲುಂಗ್ ನೋಡ್ಕೊಳ್ಲಿ ನಿಮ್ಮನ್ನೆಲ್ಲ. ನಾನು ಶನಿವಾರ ಒಂದ್ಗಂಟೆ ಬರ್ತೀನಿ, ಅಷ್ಟೇ."

ಆ ಕಡೆ ಯಾರೋ ನಕ್ಕರು, ಯಾರೋ ಬೈದರು. ಅವನು ಫೋನು ಜೇಬಿಗಿಟ್ಟ. ಅದು ಮತ್ತೆ ಗುಯ್ಗುಟ್ಟಿತು. ಅವನ ಬೆರಳುಗಳು ಪ್ಯಾಂಟಿನ ಬಟ್ಟೆಯನ್ನು ಹಿಂಡಿದವು.

"ಕಷ್ಟನಾ?" ಎಂದಳು ಪೆಯ್-ಚುನ್.

"ತುರಿಕೆ ಥರ."

"ನಾಳೆನೂ ತುರಿಸುತ್ತೆ."

"ಗೊತ್ತು." ಚೀಲಗಳನ್ನು ನೋಡುತ್ತ, "ಚಿಯಾಯಿ ರೈಲು?" ಎಂದ.

ಅವಳು ಚೀಲದೊಳಗೆ ಇಣುಕಿ ಮೂಗು ಸೊಟ್ಟ ಮಾಡಿದಳು. "ಮೊದ್ಲು ಈ ಸಿಗಡಿ ಸಿಪ್ಪೆ ಫ್ರೀಜರ್‌ಗೆ ತುಂಬು. ನಾಳೆ ಸಂಜೆವರ್ಗೂ ಇದ್ರ ಜೊತೆ ಆ ಮನೇಲಿ ನಾನೂ ಇರ್ಬೇಕಲ್ಲ."

ಇಬ್ಬರೂ ಚೀಲಗಳನ್ನು ಹೊತ್ತು ಮೆಟ್ಟಿಲು ಹತ್ತಿದರು. "ಕಸ ಹಿಡ್ಕೊಂಡು ಓಡಿಬರೋ ಹಾಗ್ಮಾಡಿದ್ರಲ್ಲ ಅಜ್ಜಿ, ಮೀನುಂಡೆ ಹೊತ್ತಿಹೋಗಿರುತ್ತೆ" ಎಂದು ಗೊಣಗುತ್ತ ಆ-ಚೂ ಹೊರಟಳು.

ನಾನು ನನ್ನ ಬಾಗಿಲಿಗೆ ಬಂದು ಅಲ್ಲೇ ನಿಂತೆ. ಮೇಲೆ ಫ್ರೀಜರಿನಲ್ಲಿ ಯಾವುದನ್ನು ಎಲ್ಲಿ ತುರುಕುವುದೆಂದು ಇಬ್ಬರೂ ವಾದಿಸುತ್ತಿದ್ದರು. ನಡುವೆ ಫೋನು ಕೂಗಿತು. ಮಾತು ನಿಂತಿತು. ಫೋನು ಕೂಗಿಕೂಗಿ ಸುಮ್ಮನಾಯಿತು. "ಅಲ್ಲಲ್ಲ, ಐಸ್ ಡಬ್ಬಿ ಮೇಲಿಡು" ಎಂದಳು ಪೆಯ್-ಚುನ್.